ಬದುಕಿನ ಪಾಠ ಸರಿ, ಗಣಿತದ ಪಾಠ?

2010ರ ಫೆಬ್ರವರಿಯಲ್ಲಿ ಆರು ದಿನಗಳ ಅಂತರದಲ್ಲಿ ಎರಡು ಚಿತ್ರಗಳು ಬಂದವು. 6ರಂದು ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ ‘ಟೆಂಪಲ್ ಗ್ರ್ಯಾಂಡಿನ್’ ಪ್ರಸಾರವಾಯಿತು. 12ರಂದು ಕರಣ್ ಜೋಹರ್ ನಿರ್ದೇಶನದ ‘ಮೈ ನೇಮ್ ಈಸ್ ಖಾನ್’ ಚಿತ್ರಮಂದಿರಗಳಿಗೆ ಬಂತು. ಎರಡರ ಕೇಂದ್ರದಲ್ಲೂ ಇರುವುದು ಆಟಿಸಂ ಇರುವ ಒಬ್ಬ ವ್ಯಕ್ತಿ. ಎರಡನೆಯದನ್ನು ನಮ್ಮಲ್ಲಿ ನೋಡದವರು ಕಡಿಮೆ. ಮೊದಲನೆಯದು ಏಳು ಎಮ್ಮಿ ಪ್ರಶಸ್ತಿಗಳನ್ನು ಪಡೆದರೂ ನಮ್ಮಲ್ಲಿ ಅದನ್ನು ನೋಡಿದವರು ವಿರಳ.

ಇಷ್ಟು ವರ್ಷಗಳ ಬಳಿಕ ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಲು ನಮಗೆ ಕಾರಣವಾದದ್ದು ಒಂದು ಪುಸ್ತಕ. 2022ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ‘ಲರ್ನಿಂಗ್ ಫ್ರಮ್ ಆಟಿಸ್ಟಿಕ್ ಟೀಚರ್ಸ್’. ಸ್ವತಃ ಹಿಂದೆ ಶಾಲಾ ಶಿಕ್ಷಕಿಯಾಗಿದ್ದ ಸಂಶೋಧಕಿ ರೆಬೆಕಾ ವುಡ್ ಇತರ ಕೆಲವರ ಜೊತೆ ಸೇರಿ ಸಂಪಾದಿಸಿದ ಸಂಕಲನವಿದು. ಆಟಿಸಂ ಇರುವ ಮಕ್ಕಳಿಗೆ ಕಲಿಸುವುದು ಹೇಗೆ ಎಂದು ತಿಳಿಸುವ ಪುಸ್ತಕಗಳು ರಾಶಿ ರಾಶಿ ಇವೆ. ಆದರೆ ಆಟಿಸಂ ಇರುವ ಶಿಕ್ಷಕರಿಂದ ಕಲಿಯುವುದೆಂದರೇನು? ಅಂಥವರು ಶಿಕ್ಷಕರಾಗಿ ಇದ್ದಾರೆಯೇ? ಪುಸ್ತಕದ ಹೆಸರು ಓದಿದ ತಕ್ಷಣ ನಮ್ಮ ಮನಸ್ಸಿನಲ್ಲಿ ಎದ್ದ ಪ್ರಶ್ನೆ ಇದೇ. ಆ ಪ್ರಶ್ನೆ ನಮ್ಮಲ್ಲಿ ಹುಟ್ಟಿದ್ದಾದರೂ ಎಲ್ಲಿಂದ ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ನಾವು ನೋಡಿದ ಸಿನಿಮಾಗಳು.

ಮುಂದೆ ಹೋಗುವ ಮೊದಲು ಒಂದು ಮಾತು. ಆಟಿಸಂ, ಅಂದರೆ ಸ್ವಲೀನತೆ, ಬಂದು ಹೋಗುವ ಕಾಯಿಲೆಯಲ್ಲ. ಹುಟ್ಟಿನಿಂದಲೇ ಮಿದುಳು ಬೆಳೆಯುವ ಬಗೆಯಲ್ಲಿರುವ ವ್ಯತ್ಯಾಸ. ಅದಿರುವ ಮಗು ಬೆಳೆದು ಅದಿರುವ ಗಂಡಸು ಅಥವಾ ಹೆಂಗಸಾಗುತ್ತದೆ. ಇತರರ ಮುಖಭಾವ, ಸೂಚನೆ, ಅರ್ಧಕ್ಕೆ ನಿಂತ ಮಾತುಗಳನ್ನು ಥಟ್ಟನೆ ಗ್ರಹಿಸುವುದು ಕೆಲವರಿಗೆ ಕಷ್ಟ. ಸದ್ದು, ಬೆಳಕು, ವಾಸನೆ, ಸ್ಪರ್ಶ ನಮಗಿಂತ ಹಲವು ಪಟ್ಟು ಹೆಚ್ಚಾಗಿ ತಾಗುವುದುಂಟು. ದಿನದ ಕ್ರಮ ದಿಢೀರನೆ ಬದಲಾದರೆ ಕಂಗೆಡುವುದುಂಟು. ಒಂದು ವಿಷಯ ಹಿಡಿದರೆ ಅದರ ಆಳಕ್ಕಿಳಿಯುವ ಶಕ್ತಿಯೂ ಉಂಟು. ಮಾತೇ ಬಾರದೆ ದಿನವಿಡೀ ಇನ್ನೊಬ್ಬರ ನೆರವು ಬೇಕಾದವರಿಂದ ಹಿಡಿದು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವರವರೆಗೆ ಇದರ ಹರವು ದೊಡ್ಡದು. ಖಾನ್ ಚಿತ್ರದಲ್ಲಿ ಕೇಳಿಬರುವ ‘ಆಸ್ಪರ್ಗರ್ಸ್’ ಎಂಬ ಹೆಸರನ್ನು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಕೈಬಿಟ್ಟಿತು. ಈಗ ಎಲ್ಲವೂ ಆಟಿಸಂ ಎಂಬ ಒಂದೇ ಹೆಸರಿನಡಿ ಬರುತ್ತವೆ.

ಅಂದಹಾಗೆ ಆ ಹೆಸರಿಗೆ ಕಾರಣನಾದ ವಿಯೆನ್ನಾದ ವೈದ್ಯ ಹಾನ್ಸ್ ಆಸ್ಪರ್ಗರ್ ತಾನು ಕಂಡ ಕೆಲವು ಮಕ್ಕಳನ್ನು ‘ಪುಟ್ಟ ಪ್ರೊಫೆಸರ್‌ಗಳು’ ಎಂದು ಕರೆದಿದ್ದ. ತಮಗಿಷ್ಟವಾದ ವಿಷಯದ ಬಗ್ಗೆ ಅವರು ಗಂಟೆಗಟ್ಟಲೆ ಉಪನ್ಯಾಸ ನೀಡುತ್ತಿದ್ದರಂತೆ. ಈ ಅಡ್ಡಹೆಸರು ಮುಂದೆ ಬಹಳ ಪ್ರಸಿದ್ಧವಾಯಿತು. ಪುಟ್ಟ ಪ್ರೊಫೆಸರ್ ದೊಡ್ಡವನಾದ ಮೇಲೆ ನಿಜವಾಗಿಯೂ ಪ್ರೊಫೆಸರ್ ಆಗಲು ಹೊರಟರೆ ಏನಾಗುತ್ತದೆ ಎಂದು ಕೇಳಿದವರು ಮಾತ್ರ ಕಡಿಮೆ.

ರಿಜ್ವಾನನಿಗೆ ಸಿಗದ ಕರಿಹಲಗೆ

ಖಾನ್ ಚಿತ್ರದ ಬಗ್ಗೆ ನಮಗೆ ಗೌರವವಿದೆ. 2001ರ ಸೆಪ್ಟೆಂಬರ್ 11ರ ನಂತರ ಅಮೆರಿಕದಲ್ಲಿ ಒಂದು ಹೆಸರಿಗೆ ಎಂಥ ಬೆಲೆ ತೆರಬೇಕಾಯಿತು ಎಂಬುದನ್ನು ಅಷ್ಟು ದೊಡ್ಡ ಪರದೆಯ ಮೇಲೆ ಹೇಳಿದ ಹಿಂದಿ ಚಿತ್ರಗಳು ಹೆಚ್ಚಿಲ್ಲ. ವಿಮಾನ ನಿಲ್ದಾಣದ ಮೊದಲ ದೃಶ್ಯವನ್ನೇ ನೋಡಿ. ರಿಜ್ವಾನ್ ಖಾನ್ ತನ್ನಷ್ಟಕ್ಕೆ ಗುನುಗುತ್ತಾನೆ, ಯಾರ ಕಣ್ಣನ್ನೂ ನೋಡುವುದಿಲ್ಲ, ಹೆಜ್ಜೆ ಹಾಕುವ ರೀತಿ ಬೇರೆ. ಅದು ಆಟಿಸಂ ಇರುವವನ ಸಹಜ ನಡವಳಿಕೆ. ಭದ್ರತಾ ಸಿಬ್ಬಂದಿಗೆ ಅದೇ ಸಂಶಯಕ್ಕೆ ಕಾರಣ. ಕಣ್ಣು ತಪ್ಪಿಸುವವನು ಏನನ್ನೋ ಬಚ್ಚಿಡುತ್ತಿದ್ದಾನೆ ಎಂಬ ಲೋಕರೂಢಿಯ ನಂಬಿಕೆಯೂ ಅವನ ಹೆಸರಿನ ಬಗೆಗಿರುವ ಭಯವೂ ಒಂದರ ಮೇಲೊಂದು ಬಂದು ಕೂರುತ್ತವೆ. ಈ ಗ್ರಹಿಕೆ ಚಿತ್ರದ ದೊಡ್ಡ ಬಲ.

ಆದರೆ ಇದೇ ಚಿತ್ರದಲ್ಲಿ ರಿಜ್ವಾನನಿಗೆ ಸಿಗುವ ಕೆಲಸಗಳನ್ನು ಗಮನಿಸಿ. ಕೆಟ್ಟ ಯಂತ್ರಗಳನ್ನು ರಿಪೇರಿ ಮಾಡುತ್ತಾನೆ. ತಮ್ಮನ ಕಂಪೆನಿಯ ಸೌಂದರ್ಯ ಸಾಧನಗಳನ್ನು ಮಾರಲು ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾನೆ. ಕೊನೆಗೆ ಊರೂರು ನಡೆದು ಅಧ್ಯಕ್ಷರನ್ನು ಕಾಣುತ್ತಾನೆ. ಅವನಿಗೆ ಕಲಿಸುವವರು ಮಾತ್ರ ಉದ್ದಕ್ಕೂ ಇದ್ದಾರೆ. ಮನುಷ್ಯರಲ್ಲಿ ಒಳ್ಳೆಯವರು, ಕೆಟ್ಟವರು ಎಂಬ ಎರಡೇ ಜಾತಿ ಎಂದು ತಾಯಿ ಕಲಿಸುತ್ತಾಳೆ. ಅವನ ಸ್ಥಿತಿಗೆ ಒಂದು ಹೆಸರಿದೆ ಎಂದು ತಮ್ಮನ ಹೆಂಡತಿ ಹಸೀನಾ ಗುರುತಿಸುತ್ತಾಳೆ. ಆಕೆ ಮನಶ್ಶಾಸ್ತ್ರದ ಉಪನ್ಯಾಸಕಿ.

ಚಿತ್ರದಲ್ಲಿ ಅವನು ನಿಜಕ್ಕೂ ಗುರುವಾಗುವ ಒಂದೇ ಒಂದು ದೃಶ್ಯವಿದೆ. ಮಸೀದಿಯೊಂದರಲ್ಲಿ ವೈದ್ಯನೊಬ್ಬ ಯುವಕರನ್ನು ಗುಂಪು ಕೂಡಿಸಿಕೊಂಡು ಪ್ರವಾದಿ ಇಬ್ರಾಹೀಮರ ಬಲಿದಾನದ ಕಥೆಯನ್ನು ರಕ್ತಪಾತಕ್ಕೆ ಸಮರ್ಥನೆಯಾಗಿ ಬಳಸುತ್ತಾನೆ. ಮೂಲೆಯಲ್ಲಿದ್ದ ರಿಜ್ವಾನ್ ಮಧ್ಯೆ ಬಾಯಿ ಹಾಕುತ್ತಾನೆ. ಆ ಕಥೆಯಲ್ಲಿ ಮಗನ ರಕ್ತ ಹರಿಯಲಿಲ್ಲ, ಅದು ದೇವರ ಮೇಲಿನ ಭರವಸೆಯ ಮತ್ತು ದೇವರ ಕರುಣೆಯ ಕಥೆ ಎಂದು ತಿದ್ದುತ್ತಾನೆ. ಪಠ್ಯವನ್ನು ಕೈಯಲ್ಲಿ ಹಿಡಿದು, ತಪ್ಪು ಓದನ್ನು ತೋರಿಸಿ, ಸರಿಯಾದುದನ್ನು ಎಲ್ಲರೆದುರು ಹೇಳುವುದೆಂದರೆ ಪಾಠವಲ್ಲದೆ ಮತ್ತೇನು? ಸುತ್ತಲಿನವರ ಮುಖ ನೋಡಿ ಸುಮ್ಮನಾಗುವ ಅಭ್ಯಾಸವಿಲ್ಲದವನಿಗೆ ಮಾತ್ರ ಆ ಕ್ಷಣದಲ್ಲಿ ಅದು ಸಾಧ್ಯವಿತ್ತು. ಆದರೆ ಚಿತ್ರಕ್ಕೆ ಅಲ್ಲಿ ನಿಲ್ಲುವ ವ್ಯವಧಾನವಿಲ್ಲ. ಅವನು ಹೊರಗೆ ಬಂದು ಎಫ್‌ಬಿಐಗೆ ಸುದ್ದಿ ಮುಟ್ಟಿಸುವ ಕಡೆಗೆ ಅದು ಧಾವಿಸುತ್ತದೆ. ಪಾಠ ಹೇಳಿದವನು ಮರುಕ್ಷಣವೇ ‘ಒಳ್ಳೆಯ ಮುಸ್ಲಿಮ’ನ ಸಾಕ್ಷಿಪತ್ರವಾಗಿ ಬಿಡುತ್ತಾನೆ.

ಇದೇ ಚಿತ್ರದಲ್ಲಿ ಇನ್ನೊಂದು ತರಗತಿಯಿದೆ. ಹಸೀನಾಳ ಹಿಜಾಬನ್ನು ಕಾಲೇಜಿನಲ್ಲಿ ಯಾರೋ ಕಿತ್ತೆಳೆಯುತ್ತಾರೆ. ಗಂಡನ ಭಯಕ್ಕೆ ಕಿವಿಗೊಟ್ಟು ಆಕೆ ಅದನ್ನು ಬಿಡುತ್ತಾಳೆ. ಕೊನೆಗೆ ಮತ್ತೆ ಧರಿಸಿ ವಿದ್ಯಾರ್ಥಿಗಳೆದುರು ಬಂದು ನಿಲ್ಲುತ್ತಾಳೆ. ತನ್ನ ಒಂದು ಅಂಶವನ್ನು ಮರೆಮಾಚಿ ಪಾಠ ಹೇಳುವುದಕ್ಕೂ ಇಡಿಯಾಗಿ ನಿಂತು ಪಾಠ ಹೇಳುವುದಕ್ಕೂ ಇರುವ ವ್ಯತ್ಯಾಸ ಚಿತ್ರಕ್ಕೆ ಚೆನ್ನಾಗಿ ಗೊತ್ತು ಎಂಬುದಕ್ಕೆ ಈ ದೃಶ್ಯವೇ ಸಾಕ್ಷಿ. ಹಾಗಿದ್ದೂ, ಅದೇ ಪ್ರಶ್ನೆಯನ್ನು ರಿಜ್ವಾನನ ವಿಷಯದಲ್ಲಿ ಕೇಳಲು ಅದಕ್ಕೆ ತೋಚುವುದಿಲ್ಲ. ನಂಬಿಕೆ ಮನುಷ್ಯ ಆರಿಸಿಕೊಳ್ಳುವಂಥದ್ದು, ಆಟಿಸಂ ಆರಿಸಿಕೊಂಡದ್ದಲ್ಲ. ಎರಡೂ ಒಂದೇ ಎಂದು ನಾವು ಹೇಳುತ್ತಿಲ್ಲ. ಆದರೆ ಬಚ್ಚಿಡಬೇಕಾಗಿ ಬಂದಾಗ ಆಗುವ ಸುಸ್ತು ಒಂದೇ ಬಗೆಯದ್ದು. ಆ ಸುಸ್ತಿನ ವಿವರಕ್ಕೆ ಮುಂದೆ ಬರುತ್ತೇವೆ.

ಇದು ಒಂದು ಚಿತ್ರದ ದೋಷವಲ್ಲ. 2007ರ ‘ತಾರೇ ಜಮೀನ್ ಪರ್’ನಲ್ಲಿ ಶಿಕ್ಷಕ ನಿಕುಂಭ್ ತನಗೂ ಡಿಸ್ಲೆಕ್ಸಿಯಾ ಇತ್ತೆಂದು ಹೇಳಿಕೊಳ್ಳುತ್ತಾನೆ. ಆಟಿಸಂ ಮತ್ತು ಡಿಸ್ಲೆಕ್ಸಿಯಾ ಬೇರೆ ಬೇರೆ. ಆದರೂ ಹಿಂದಿ ಚಿತ್ರವೊಂದರಲ್ಲಿ ಅಂಥ ಒಬ್ಬ ಶಿಕ್ಷಕ ಬಂದದ್ದು ದೊಡ್ಡ ಮಾತು. ಆದರೆ ಅವನ ಕಷ್ಟವೆಲ್ಲ ಬಾಲ್ಯದ ಕಥೆ. ದೊಡ್ಡವನಾಗಿ ತರಗತಿಯಲ್ಲಿ ನಿಂತಾಗ ಅದರ ಕುರುಹೂ ಕಾಣುವುದಿಲ್ಲ. 2025ರ ‘ಸಿತಾರೇ ಜಮೀನ್ ಪರ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನಿಜವಾಗಿಯೂ ಅಂಗವೈಕಲ್ಯವಿರುವ ಹತ್ತು ಮಂದಿಯಿಂದ ನಟನೆ ಮಾಡಿಸಿತು. ಅದನ್ನು ಮೆಚ್ಚಲೇಬೇಕು. ಅಲ್ಲಿ ಬಾಸ್ಕೆಟ್‌ಬಾಲ್ ತರಬೇತುದಾರ ಅವರಿಗೆ ಆಟ ಕಲಿಸುತ್ತಾನೆ, ಅವರು ಅವನಿಗೆ ಬದುಕು ಕಲಿಸುತ್ತಾರೆ.

ನಮ್ಮ ಆಕ್ಷೇಪ ಇರುವುದು ಇಲ್ಲಿಯೇ. ಬದುಕಿನ ಪಾಠ ಕಲಿಸಲು ಇಂಥವರನ್ನು ನಾವು ಸಂತೋಷದಿಂದ ಬಿಡುತ್ತೇವೆ. ನಿಷ್ಕಪಟತೆ, ಪ್ರೀತಿ, ಮನುಷ್ಯತ್ವ ಎಲ್ಲವನ್ನೂ ಅವರಿಂದ ಕಲಿತು ಕಣ್ಣೊರೆಸಿಕೊಂಡು ಚಿತ್ರಮಂದಿರದಿಂದ ಹೊರಬರುತ್ತೇವೆ. ಆ ಪಾಠಕ್ಕೆ ಸಂಬಳ ಕೊಡಬೇಕಾಗಿಲ್ಲ. ಎಂಟನೇ ತರಗತಿಗೆ ಗಣಿತ ಹೇಳಿಕೊಡಲು, ತಿಂಗಳ ಕೊನೆಗೆ ಸಹಿ ಹಾಕಿ ಸಂಬಳ ಪಡೆಯಲು, ಶಿಕ್ಷಕರ ಕೊಠಡಿಯಲ್ಲಿ ನಮ್ಮ ಪಕ್ಕದ ಕುರ್ಚಿಯಲ್ಲಿ ಕೂರಲು ಬಿಡಬೇಕೆಂದಾಗ ಮಾತ್ರ ನಮಗೆ ನೂರು ಅನುಮಾನ.

ಎಣಿಸಿ ಕಲಿಸಿದಾಕೆ

ಇನ್ನೊಂದು ಚಿತ್ರಕ್ಕೆ ಬರೋಣ. ಟೆಂಪಲ್ ಗ್ರ್ಯಾಂಡಿನ್ ಕಲ್ಪನೆಯ ಪಾತ್ರವಲ್ಲ. 1947ರಲ್ಲಿ ಬೋಸ್ಟನ್‌ನಲ್ಲಿ ಹುಟ್ಟಿದವರು, ಮೂರೂವರೆ ವರ್ಷದವರೆಗೂ ಮಾತು ಬರಲಿಲ್ಲ. 1989ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಪಶುವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು 1990ರಿಂದ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾ ಬಂದವರು. ಮಿಕ್ ಜಾಕ್ಸನ್ ನಿರ್ದೇಶಿಸಿದ ಚಿತ್ರದಲ್ಲಿ ಅವರ ಪಾತ್ರವನ್ನು ಕ್ಲೇರ್ ಡೇನ್ಸ್ ಮಾಡಿದ್ದಾರೆ. ದನಗಳ ದೊಡ್ಡಿಯಲ್ಲಿ ಪ್ರಾಣಿಗಳ ಹಾಗೆಯೇ ಬಗ್ಗಿ ನಡೆದು, ಅವು ಎಲ್ಲಿ ಏಕೆ ಬೆದರುತ್ತವೆಂದು ನೋಡುವ ದೃಶ್ಯಗಳು ಚೆನ್ನಾಗಿವೆ. ಹೈಸ್ಕೂಲಿನ ವಿಜ್ಞಾನ ಶಿಕ್ಷಕ ಕಾರ್ಲಾಕ್ ಆಕೆಯ ಹಟವನ್ನು ಪ್ರಯೋಗದ ಕಡೆಗೆ ತಿರುಗಿಸುವ ಭಾಗವಂತೂ ಪ್ರತಿಯೊಬ್ಬ ಶಿಕ್ಷಕರೂ ನೋಡಬೇಕಾದದ್ದು.

ಆದರೆ ನಮಗೆ ಮುಖ್ಯವೆನಿಸಿದ್ದು ಕೊನೆಯ ದೃಶ್ಯ. 1981ರ ಒಂದು ಆಟಿಸಂ ಸಮ್ಮೇಳನ. ವೇದಿಕೆಯ ಮೇಲೆ ತಜ್ಞರು, ಸಭೆಯಲ್ಲಿ ಕಂಗಾಲಾದ ತಂದೆ ತಾಯಂದಿರು. ತಾಯಿಯ ಜೊತೆ ಬಂದಿದ್ದ ಟೆಂಪಲ್ ಎದ್ದು ನಿಂತು ಮಾತಾಡತೊಡಗುತ್ತಾಳೆ. ತನಗೆ ಸದ್ದು ಹೇಗೆ ಕೇಳುತ್ತದೆ, ಅಪ್ಪುಗೆ ಏಕೆ ಸಹಿಸದು, ತನ್ನನ್ನು ಯಾವುದು ಶಾಂತಗೊಳಿಸುತ್ತದೆ ಎಂದು ವಿವರಿಸುತ್ತಾಳೆ. ಸಭೆಯೇ ತಿರುಗಿ ಕೂರುತ್ತದೆ. ಮುಂದೆ ಬಂದು ಮಾತಾಡಿ ಎಂದು ಆಕೆಯನ್ನು ಕರೆಯುತ್ತಾರೆ. ರಿಜ್ವಾನನಿಗೆ ಸಿಗದಿದ್ದ ಜಾಗ ಆಕೆಗೆ ಸಿಗುತ್ತದೆ. ಆದರೆ ದೃಶ್ಯ ಅಲ್ಲಿಗೆ ಮುಗಿಯುತ್ತದೆ. ಮುಂದೆ ದಶಕಗಳ ಕಾಲ ಆಕೆ ಬೆಳಿಗ್ಗೆ ಎದ್ದು ತರಗತಿಗೆ ಹೋದದ್ದು ಚಿತ್ರಕ್ಕೆ ವಸ್ತುವಾಗಲಿಲ್ಲ.

ನಮ್ಮ ಅಭಿಪ್ರಾಯದಲ್ಲಿ ಕಥೆ ನಿಜಕ್ಕೂ ಸ್ವಾರಸ್ಯಕರವಾಗುವುದು ಅಲ್ಲಿಂದ ಮುಂದೆ. ಕಸಾಯಿಖಾನೆಗಳಲ್ಲಿ ಪ್ರಾಣಿಗಳನ್ನು ಹಿಂಸಿಸಬಾರದು ಎಂದು ಎಲ್ಲರೂ ಹೇಳುತ್ತಿದ್ದರು. ‘ಸರಿಯಾಗಿ ನಡೆಸಿಕೊಳ್ಳಿ’ ಎಂಬ ಸೂಚನೆ ಎಲ್ಲ ಕಡೆ ಇತ್ತು. ‘ಸರಿಯಾಗಿ’ ಅಂದರೇನು? ಒಬ್ಬೊಬ್ಬ ಕೆಲಸಗಾರನಿಗೆ ಒಂದೊಂದು ಅರ್ಥ. ಗ್ರ್ಯಾಂಡಿನ್ ಅದನ್ನು ಎಣಿಕೆಗೆ ತಂದರು. 1997ರಲ್ಲಿ ಅಮೆರಿಕದ ಮಾಂಸೋದ್ಯಮದ ಸಂಸ್ಥೆಗಾಗಿ ಅವರು ರೂಪಿಸಿದ ಮಾರ್ಗಸೂಚಿಯ ಸಾರ ಇಷ್ಟೇ: ನೂರು ದನಗಳು ಹಾದುಹೋಗುವಾಗ ಎಷ್ಟು ದನ ಕೂಗಿದವು, ಎಷ್ಟು ಜಾರಿ ಬಿದ್ದವು, ಎಷ್ಟಕ್ಕೆ ವಿದ್ಯುತ್ ಕೋಲು ತಾಗಿಸಬೇಕಾಯಿತು ಎಂದು ಲೆಕ್ಕ ಹಾಕಿ. ಕೂಗಿದವು ಮೂರಕ್ಕಿಂತ ಹೆಚ್ಚಾದರೆ, ಬಿದ್ದವು ಒಂದಕ್ಕಿಂತ ಹೆಚ್ಚಾದರೆ ಎಲ್ಲೋ ತಪ್ಪಿದೆ. ಓದು ಬಾರದ ಕೆಲಸಗಾರನಿಗೂ ಅರ್ಥವಾಗುವ ಪಾಠ. ಧಾರ್ಮಿಕ ವಿಧಿಯಂತೆ ನಡೆಯುವ ವಧೆಯಲ್ಲೂ ಪ್ರಾಣಿಯನ್ನು ಸರಪಳಿಗೆ ತಲೆಕೆಳಗಾಗಿ ತೂಗುಹಾಕುವ ಪದ್ಧತಿಯನ್ನು ವಿರೋಧಿಸಿ, ನಿಂತಲ್ಲೇ ಮೃದುವಾಗಿ ಹಿಡಿಯುವ ವಿಧಾನವನ್ನು ಅವರು ತೋರಿಸಿಕೊಟ್ಟರು.

ಈ ವಿವರ ಇಲ್ಲಿ ಏಕೆಂದರೆ, ಅಸ್ಪಷ್ಟ ಮಾತು ಅರ್ಥವಾಗದಿರುವುದು ಆಟಿಸಂ ಇರುವವರ ಕೊರತೆ ಎಂದು ನಾವು ತಿಳಿದಿದ್ದೇವೆ. ಅದೇ ಕೊರತೆ ಇಲ್ಲಿ ಕಲಿಸುವ ವಿಧಾನವಾಯಿತು. ‘ಚೆನ್ನಾಗಿ ಓದು’, ‘ಸರಿಯಾಗಿ ಬರೆ’, ‘ಗಮನ ಕೊಡು’ ಎಂದು ನಾವೆಲ್ಲ ಮಕ್ಕಳಿಗೆ ದಿನಕ್ಕೆ ಹತ್ತು ಬಾರಿ ಹೇಳುತ್ತೇವೆ. ಮಗು ಏನು ಮಾಡಬೇಕು ಎಂಬುದು ಆ ಮಾತುಗಳಲ್ಲಿ ಇಲ್ಲ. ತನಗೇ ಅರ್ಥವಾಗದ ಸೂಚನೆಯನ್ನು ಇನ್ನೊಬ್ಬರಿಗೆ ಕೊಡಲಾರದ ಶಿಕ್ಷಕರು ಒಬ್ಬರಿದ್ದರೆ ಆ ತರಗತಿಯ ಎಷ್ಟೋ ಮಕ್ಕಳು ಬದುಕಿಕೊಳ್ಳುತ್ತಾರೆ.

ಗ್ರ್ಯಾಂಡಿನ್ ಒಬ್ಬರೇ ಅಲ್ಲ. ನ್ಯೂಯಾರ್ಕಿನ ಅಡೆಲ್ಫಿ ವಿಶ್ವವಿದ್ಯಾಲಯದಲ್ಲಿ ವಿಶೇಷ ಶಿಕ್ಷಣ ಬೋಧಿಸುತ್ತಾ ಬಂದ ಸ್ಟೀಫನ್ ಶೋರ್ ನಾಲ್ಕು ವರ್ಷದವರೆಗೂ ಮಾತಾಡಿದವರಲ್ಲ. ಬ್ರಿಟನ್ನಿನ ಕೆಂಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದ ಡೇಮಿಯನ್ ಮಿಲ್ಟನ್ ಆಟಿಸಂ ಇರುವವರು. ಅವರು 2012ರಲ್ಲಿ ಮಂಡಿಸಿದ ಒಂದು ವಿಚಾರ ಈ ಕ್ಷೇತ್ರದ ಮಾತುಕತೆಯ ದಿಕ್ಕನ್ನೇ ಬದಲಿಸಿತು: ಆಟಿಸಂ ಇರುವವರಿಗೆ ನಾವು ಅರ್ಥವಾಗುವುದಿಲ್ಲ ಎನ್ನುವುದು ಅರ್ಧ ಸತ್ಯ, ನಮಗೂ ಅವರು ಅರ್ಥವಾಗುವುದಿಲ್ಲ, ಕಷ್ಟ ಎರಡೂ ಕಡೆಯದ್ದು. 2025ರಲ್ಲಿ ಪ್ರಕಟವಾದ, 300ಕ್ಕೂ ಹೆಚ್ಚು ಮಂದಿ ಭಾಗವಹಿಸಿದ ಒಂದು ಅಧ್ಯಯನದಲ್ಲಿ, ಒಬ್ಬರಿಂದ ಒಬ್ಬರಿಗೆ ಮಾಹಿತಿ ದಾಟಿಸುವ ಕೆಲಸದಲ್ಲಿ ಆಟಿಸಂ ಇರುವವರ ಸರಣಿ, ಇಲ್ಲದವರ ಸರಣಿ, ಇಬ್ಬರೂ ಬೆರೆತ ಸರಣಿಗಳ ನಡುವೆ ವ್ಯತ್ಯಾಸ ಕಂಡುಬರಲಿಲ್ಲ. ಅವರಿಗೆ ‘ಸಂವಹನ ಬಾರದು’, ಹಾಗಾಗಿ ಶಿಕ್ಷಕರಾಗಲಾರರು ಎನ್ನುವವರು ಇದನ್ನು ಗಮನಿಸಬೇಕು.

149 ಮಂದಿ ಹೇಳಿದ್ದು

ಆದರೂ ವಿಶ್ವವಿದ್ಯಾಲಯ ಬೇರೆ, ಶಾಲೆ ಬೇರೆ. ವಿಶ್ವವಿದ್ಯಾಲಯದಲ್ಲಿ ವಾರಕ್ಕೆ ಕೆಲವು ಗಂಟೆಗಳ ಪಾಠ, ಸ್ವಂತ ಕೋಣೆ. ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಗಂಟೆಯವರೆಗೆ ಜನ, ಸದ್ದು, ಬದಲಾವಣೆ. ರೆಬೆಕಾ ವುಡ್ ಅವರ ಪುಸ್ತಕದ ಮಹತ್ವ ಇಲ್ಲಿದೆ. ಪ್ರಸಿದ್ಧರನ್ನು ಬಿಟ್ಟು ಸಾಮಾನ್ಯ ಶಾಲೆಗಳಲ್ಲಿ ದುಡಿದವರ, ದುಡಿಯುತ್ತಿರುವವರ ಮಾತನ್ನು ಅದು ಮುಂದಿಡುತ್ತದೆ. ಇದರ ಹಿಂದೆ ಬ್ರಿಟನ್ನಿನಲ್ಲಿ ಅವರು ನಡೆಸಿದ ಒಂದು ಸಮೀಕ್ಷೆಯಿದೆ. ಆಟಿಸಂ ಇರುವ 149 ಶಾಲಾ ಸಿಬ್ಬಂದಿ ಹೆಸರು ಹೇಳದೆ ಅದಕ್ಕೆ ಉತ್ತರಿಸಿದರು. ಅದರ ಫಲಿತಾಂಶ 2021ರಲ್ಲಿ ಪ್ರಕಟವಾಯಿತು.

ಅವರು ಹೇಳಿಕೊಂಡ ಕಷ್ಟಗಳಲ್ಲಿ ಪಾಠ ಹೇಳಲು ಬಾರದು ಎಂಬುದು ಮುಖ್ಯವಾಗಿರಲಿಲ್ಲ. ಶಾಲೆಯ ಗದ್ದಲ ಮತ್ತು ಬೆಳಕು, ಸಹೋದ್ಯೋಗಿಗಳ ತಿಳಿವಳಿಕೆಯ ಕೊರತೆ, ಇದರಿಂದ ಹದಗೆಡುವ ಮನಸ್ಸಿನ ಆರೋಗ್ಯ, ಎಲ್ಲಕ್ಕಿಂತ ಮಿಗಿಲಾಗಿ ತನಗೆ ಆಟಿಸಂ ಇದೆ ಎಂದು ಹೇಳಬೇಕೋ ಬೇಡವೋ ಎಂಬ ತೊಳಲಾಟ. ಹೇಳಿದರೆ ಅನರ್ಹರೆಂಬ ಹಣೆಪಟ್ಟಿ. ಹೇಳದಿದ್ದರೆ ದಿನವಿಡೀ ನಟನೆ.

ಆ ನಟನೆ ಎಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ಎದುರಿಗಿರುವವರ ಕಣ್ಣು ನೋಡಬೇಕು; ಎಷ್ಟು ಹೊತ್ತು ನೋಡಿದರೆ ಸರಿ, ಎಷ್ಟಾದರೆ ದಿಟ್ಟಿಸಿದಂತೆ ಎಂದು ಒಳಗೊಳಗೇ ಲೆಕ್ಕ ಹಾಕಬೇಕು. ಟ್ಯೂಬ್‌ಲೈಟಿನ ಗುಂಯ್ ಸದ್ದು ಕಿವಿ ಕೊರೆಯುತ್ತಿದ್ದರೂ ಮುಖದಲ್ಲಿ ತೋರಿಸಬಾರದು. ಕೈಬೆರಳುಗಳು ತಾವಾಗಿ ಆಡತೊಡಗಿದರೆ ಜೇಬಿಗೆ ತುರುಕಬೇಕು. ಊಟದ ಬಿಡುವಿನಲ್ಲಿ ಯಾರೋ ಚೇಷ್ಟೆ ಮಾಡಿದಾಗ ಎಲ್ಲರೂ ನಕ್ಕ ಹೊತ್ತಿಗೆ ಸರಿಯಾಗಿ ನಗಬೇಕು. ವಿಚಿತ್ರವೆಂದರೆ ಇವರಲ್ಲಿ ಹಲವರಿಗೆ ಪಾಠದ 40 ನಿಮಿಷವೇ ವಿಶ್ರಾಂತಿ. ಅಲ್ಲಿ ವಿಷಯವಿದೆ, ಕ್ರಮವಿದೆ, ಯಾರು ಮಾತಾಡಬೇಕು ಯಾರು ಕೇಳಬೇಕು ಎಂಬುದು ಸ್ಪಷ್ಟ. ಕಷ್ಟವೆಲ್ಲ ಶಿಕ್ಷಕರ ಕೊಠಡಿಯಲ್ಲಿ, ವರಾಂಡದಲ್ಲಿ, ಪೋಷಕರ ಸಭೆಯಲ್ಲಿ. ಸಂಜೆ ಮನೆ ಸೇರಿದಾಗ ಮಾತಾಡುವ ತ್ರಾಣವೂ ಉಳಿದಿರುವುದಿಲ್ಲ. ಹೀಗೆ ವರ್ಷಗಟ್ಟಲೆ ನಡೆದರೆ ಒಂದು ದಿನ ಕೆಲಸ ಬಿಟ್ಟು ಹೋಗುತ್ತಾರೆ. ಆಗ ನಾವು, ‘ನೋಡಿ, ಅವರಿಂದ ಆಗಲಿಲ್ಲ’ ಎನ್ನುತ್ತೇವೆ.

ಇದನ್ನು ಓದುವಾಗ ನಮಗೆ ನಮ್ಮ ಹೈಸ್ಕೂಲಿನ ಗಣಿತದ ಮೇಷ್ಟ್ರೊಬ್ಬರು ನೆನಪಾದರು. ಗೋಡೆಗೆ ಒತ್ತಿಕೊಂಡೇ ನಡೆಯುತ್ತಿದ್ದರು. ಗಂಟೆ ಹೊಡೆದಾಗ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಯಾರಾದರೂ ಅವರ ಪೀರಿಯಡ್ ಬದಲಿಸಿದರೆ ಬಾಗಿಲಲ್ಲೇ ನಿಂತು ವೇಳಾಪಟ್ಟಿಯನ್ನು ಮತ್ತೆ ಮತ್ತೆ ಓದುತ್ತಿದ್ದರು. ಅವರು ಕಿವಿ ಮುಚ್ಚುವುದನ್ನು ಅನುಕರಿಸಿ ತೋರಿಸುವುದು ನಮ್ಮ ಗುಂಪಿನ ದೊಡ್ಡ ಮನರಂಜನೆಯಾಗಿತ್ತು. ಅನುಕರಣೆಯಲ್ಲಿ ನಾವು ಮುಂದಿದ್ದೆವು ಎಂಬುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಉಳಿದ ಶಿಕ್ಷಕರೂ ನಗುತ್ತಿದ್ದರು. ಅವರು ಎರಡು ವರ್ಷದೊಳಗೆ ಹೊರಟು ಹೋದರು. ಬೀಜಗಣಿತದ ಒಂದೊಂದು ಹೆಜ್ಜೆಯನ್ನೂ ಬಿಡದೆ, ಯಾವ ಮಗುವನ್ನೂ ಗದರದೆ, ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ ಹತ್ತನೇ ಸಲವೂ ಮೊದಲ ಸಲದಂತೆಯೇ ವಿವರಿಸುತ್ತಿದ್ದ ಶಿಕ್ಷಕರನ್ನು ನಾವು ಮತ್ತೆ ಕಾಣಲಿಲ್ಲ. ಅವರಿಗೆ ಆಟಿಸಂ ಇತ್ತೆಂದು ಹೇಳುವ ಅಧಿಕಾರ ನಮಗಿಲ್ಲ. ದೂರದಿಂದ ಕಂಡವರಿಗೆಲ್ಲ ಕಾಯಿಲೆಯ ಹೆಸರಿಡುವುದು ತಪ್ಪು. ನಾವು ಹೇಳುತ್ತಿರುವುದು ನಮ್ಮ ನಗುವಿನ ಬಗ್ಗೆ. ಆ ನಗುವಿಗೆ ಅವರ ರೋಗನಿದಾನ ಬೇಕಾಗಿರಲಿಲ್ಲ.

ಪುಸ್ತಕದ ಬಗ್ಗೆ ಒಂದು ತಕರಾರು

ಸಮೀಕ್ಷೆಯ ಇನ್ನೊಂದು ಮಾತೂ ಮುಖ್ಯ. ತಕ್ಕಷ್ಟು ಬೆಂಬಲ ಸಿಕ್ಕಾಗ ಇಂಥ ಶಿಕ್ಷಕರು ಆಟಿಸಂ ಇರುವ ಮಕ್ಕಳನ್ನು ಶಾಲೆಯೊಳಗೆ ಒಗ್ಗಿಸುವಲ್ಲಿ ದೊಡ್ಡ ಪಾತ್ರ ವಹಿಸಬಲ್ಲರು. ಇದು ಸಹಜ. ಮೇಜಿನಡಿ ಅವಿತ ಮಗು ಹಟ ಮಾಡುತ್ತಿಲ್ಲ, ಸದ್ದಿನಿಂದ ತಪ್ಪಿಸಿಕೊಳ್ಳುತ್ತಿದೆ ಎಂದು ತಾನೇ ಆ ಸದ್ದನ್ನು ಅನುಭವಿಸಿದವರಿಗೆ ಬೇಗ ತಿಳಿಯುತ್ತದೆ. ತನ್ನಂಥವರು ಬೆಳೆದು ಏನಾಗುತ್ತಾರೆ ಎಂದು ಗೊತ್ತಿಲ್ಲದ ಮಗುವಿಗೆ ಅವರು ಕಣ್ಣೆದುರಿನ ಉತ್ತರ.

ಆದರೆ ಪುಸ್ತಕದ ಶೀರ್ಷಿಕೆಯಲ್ಲೇ ಇರುವ ಈ ವಾದವನ್ನು ಎಷ್ಟು ದೂರ ಒಯ್ಯಬಹುದು ಎಂಬ ಬಗ್ಗೆ ನಮಗೆ ಅಳುಕಿದೆ. ‘ಇವರಿಂದ ಕಲಿಯಬಹುದು, ಆದ್ದರಿಂದ ಇವರು ಇರಲಿ’ ಎಂಬ ಮಾತು ಬಹಳ ಸುಲಭವಾಗಿ ‘ಅಂಥ ಮಕ್ಕಳಿಗೆ ಇವರು, ಉಳಿದವರಿಗೆ ನಾವು’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅಲ್ಪಸಂಖ್ಯಾತರಿಗೆ ಈ ದಾರಿ ಹೊಸದಲ್ಲ. ನಮ್ಮವರಿಗೆ ನಾವೇ ಉಪಯೋಗ ಎಂದು ಒಪ್ಪಿಕೊಂಡ ದಿನ ಉಳಿದ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಭೂಗೋಳ ಚೆನ್ನಾಗಿ ಹೇಳಬಲ್ಲವರು ಎಲ್ಲ ಮಕ್ಕಳಿಗೂ ಭೂಗೋಳ ಹೇಳಲಿ. ಅವರು ಇತರರಿಗೆ ಸ್ಫೂರ್ತಿಯಾಗಲೇಬೇಕೆಂಬ ಹೆಚ್ಚುವರಿ ಹೊರೆ ಏಕೆ? ಉಳಿದ ಶಿಕ್ಷಕರಿಂದ ನಾವು ಸ್ಫೂರ್ತಿಯನ್ನು ಕೇಳುತ್ತೇವೆಯೇ? ಪಾಠ ಮುಗಿಸಿದರೆ ಸಾಕೆನ್ನುತ್ತೇವೆ. ಅಷ್ಟಕ್ಕೂ ಆಟಿಸಂ ಇರುವ ಎಲ್ಲರೂ ಶಿಕ್ಷಕರಾಗಲಾರರು, ಆಗಬೇಕೆಂದೂ ಇಲ್ಲ. ಆಟಿಸಂ ಇಲ್ಲದ ಎಲ್ಲರೂ ಶಿಕ್ಷಕರಾಗಲಾರರು ಎಂಬುದು ನಮ್ಮ ಶಾಲೆಗಳನ್ನು ಕಂಡ ಯಾರಿಗೂ ಗೊತ್ತು.

ಪೋಷಕರ ಅಳುಕನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. 50 ಮಕ್ಕಳ ತರಗತಿಯನ್ನು ಹಿಡಿತದಲ್ಲಿಡಲು ಆಗುತ್ತದೆಯೇ, ಮಗು ಅತ್ತರೆ ತಿಳಿಯುತ್ತದೆಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದನ್ನು ಪ್ರತಿಯೊಬ್ಬ ಶಿಕ್ಷಕರಿಗೂ ಕೇಳಬೇಕು, ಉತ್ತರವನ್ನು ತರಗತಿಯಲ್ಲೇ ನೋಡಬೇಕು. ಒಂದು ಹೆಸರು ಕೇಳಿದ ಕೂಡಲೇ ಉತ್ತರ ತೀರ್ಮಾನಿಸಿಬಿಡುವುದು ಸರಿಯಲ್ಲ.

ಕಾನೂನು ಬಂದಿದೆ, ಕುರ್ಚಿ?

ನಮ್ಮ ದೇಶದ ಮಟ್ಟಿಗೆ ಹೇಳುವುದಾದರೆ, 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯಲ್ಲಿ ಬಂತು. ಆದರೆ ಅದರ ಮುಖ್ಯ ಚಿಂತೆ ಪೋಷಣೆ ಮತ್ತು ಪಾಲಕತ್ವ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿ ಆಟಿಸಂ ಅನ್ನೂ ಸೇರಿಸಿತು. ಸರಕಾರಿ ಹುದ್ದೆಗಳಲ್ಲಿ ಮೀಸಲಾತಿಯನ್ನು ಶೇ. 3ರಿಂದ ಶೇ. 4ಕ್ಕೆ ಏರಿಸಿ, ಅದರಲ್ಲಿ ಶೇ. 1ನ್ನು ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ಕಲಿಕೆಯ ತೊಂದರೆ, ಮಾನಸಿಕ ಅಸ್ವಸ್ಥತೆ ಮತ್ತು ಬಹುವಿಧ ವೈಕಲ್ಯ ಇರುವವರಿಗೆ ಒಟ್ಟಾಗಿ ಇಟ್ಟಿತು. ಉದ್ಯೋಗದಲ್ಲಿ ತಕ್ಕ ಅನುಕೂಲ ಮಾಡಿಕೊಡುವುದು ಸರಕಾರಿ ಸಂಸ್ಥೆಯ ಕರ್ತವ್ಯ ಎಂದೂ ಹೇಳಿತು. ಪೋಷಣೆ ಬೇಕಾದ ಮಗು ಎಂಬಲ್ಲಿಂದ ಹುದ್ದೆಗೆ ಅರ್ಹನಾದ ನಾಗರಿಕ ಎಂಬಲ್ಲಿಗೆ ಕಾನೂನು 17 ವರ್ಷಗಳಲ್ಲಿ ನಡೆದು ಬಂತು. ಸಿನಿಮಾಗಳು ಇನ್ನೂ ಅಷ್ಟು ದೂರ ನಡೆದಿಲ್ಲ.

ಆ ‘ತಕ್ಕ ಅನುಕೂಲ’ ದುಬಾರಿಯದ್ದೇನಲ್ಲ. ನಾಳೆಯ ವೇಳಾಪಟ್ಟಿ ಬದಲಾಗುವುದಿದ್ದರೆ ಇಂದೇ ಒಂದು ಚೀಟಿಯಲ್ಲಿ ಬರೆದು ಕೊಡುವುದು. ಸಭೆಯಲ್ಲಿ ಏನು ಚರ್ಚೆ ಎಂದು ಮೊದಲೇ ತಿಳಿಸುವುದು. ಊಟದ ಬಿಡುವಿನಲ್ಲಿ ಗ್ರಂಥಾಲಯದ ಮೂಲೆಯಲ್ಲಿ ಒಬ್ಬರೇ ಕೂತರೆ ಅಹಂಕಾರಿ ಎನ್ನದಿರುವುದು. ಸೂಚನೆಯನ್ನು ಸುತ್ತಿ ಬಳಸದೆ ನೇರವಾಗಿ ಹೇಳುವುದು. ಇವುಗಳಿಗೆ ಅನುದಾನ ಬೇಡ, ಆದೇಶವೂ ಬೇಡ. ಸಮುದಾಯಗಳು ನಡೆಸುವ ಶಾಲೆಗಳೂ ಸೇರಿದಂತೆ ಯಾವ ಶಾಲೆಯಲ್ಲಾದರೂ ನಾಳೆಯೇ ಮಾಡಬಹುದು. ಇವುಗಳಿಂದ ಉಳಿದ ಶಿಕ್ಷಕರಿಗೂ ಉಪಕಾರವೇ.

ದೊಡ್ಡ ಅಡ್ಡಿ ಇರುವುದು ಸಂದರ್ಶನದಲ್ಲಿ. ಶಾಲೆಯ ಆಡಳಿತ ಮಂಡಳಿಯಲ್ಲಿರುವವರು ನಮ್ಮ ಓದುಗರಲ್ಲೂ ಇದ್ದಾರೆ. ಅವರಲ್ಲಿ ನಮ್ಮದೊಂದು ವಿನಂತಿ. ಮುಂದಿನ ಬಾರಿ ಕೆಲಸ ಕೇಳಿಕೊಂಡು ಬಂದವರು ನಿಮ್ಮ ಕಣ್ಣನ್ನು ನೋಡದೆ, ಕುಶಲ ಪ್ರಶ್ನೆಗೆ ಒಂದೇ ಪದದಲ್ಲಿ ಉತ್ತರಿಸಿ, ಕೈಬೆರಳುಗಳನ್ನು ತಿರುಚುತ್ತಾ ಕೂತಿದ್ದರೆ ಅರ್ಜಿಯನ್ನು ಬದಿಗಿಡುವ ಮೊದಲು ಸ್ವಲ್ಪ ತಡೆಯಿರಿ. ವಿಮಾನ ನಿಲ್ದಾಣದಲ್ಲಿ ರಿಜ್ವಾನನನ್ನು ತಡೆದವರೂ ನೋಡಿದ್ದು ಇಷ್ಟನ್ನೇ. ಪಕ್ಕದ ತರಗತಿಗೆ ಕರೆದುಕೊಂಡು ಹೋಗಿ ಕೈಗೆ ಒಂದು ಸೀಮೆಸುಣ್ಣ ಕೊಡಿ. ಹಿಂದಿನ ಬೆಂಚಿನಲ್ಲಿ ಕುಳಿತು 40 ನಿಮಿಷ ಪಾಠ ಕೇಳಿ. ಆಮೇಲೆ ಬೇಕಾದರೆ ಬೇಡವೆನ್ನಿ.